ಉಲ್ಟಾ ನಿರಿಗೆ

ಆ ಓಣಿಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಮೈದುನ ಕರೆದ. ಅವನು ಕರೆದದ್ದು ಕೇಳಿ ವರ್ಕ್‌ಶಾಪಿನ ಇಬ್ಬರು ಕೆಲಸಗಾರರು ಕರೆದರು. ಆಮೇಲೆ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಎದುರು ಗ್ಯಾರೇಜಿನವನೂ ಸಂಕೋಚವಿಲ್ಲದೆ ಅತ್ತಿಗೆ ಎಂದ. ಗಂಡನಿಗೆ ಸೌಂಡಣ್ಣ ಎಂದು ಹೆಸರು ಬಿದ್ದಿತ್ತು. ಅದು ಅವನು ಸ್ಪೀಕರ್ ಮಾಡುತ್ತಿದ್ದುದಕ್ಕೋ ಅವನ ಗಂಟಲಿಗೋ ಎಂಬ ವಿಷಯದಲ್ಲಿ ಓಣಿಗೆ ಒಮ್ಮತವಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಅದಕ್ಕೂ ಅಡುಗೆಮನೆಗೂ ನಡುವೆ ಕದವಿಲ್ಲದ ಬಾಗಿಲು. ಹುರಿದ ಈರುಳ್ಳಿಯ ವಾಸನೆ ಆಚೆ ಹೋಗುತ್ತಿತ್ತು, ಅಂಟಿನ ವಾಸನೆ ಈಚೆ ಬರುತ್ತಿತ್ತು. ಸೌಂಡಣ್ಣ ಮರದ ಪೆಟ್ಟಿಗೆ ಮಾಡುತ್ತಿದ್ದ, ಮೈದುನ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದ. ಕಾಗದದ ಕೋನು ಹಿಂದೆ ಮುಂದೆ ಆಡಲೆಂದು ಅದರ ಸುತ್ತ ನಿರಿಗೆ ಹಿಡಿದ ಬಟ್ಟೆಯ ಅಂಚು ಕೂರಿಸುವುದು ಅತ್ತಿಗೆಯ ಪಾಲು. ಅದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ಅದು ಕುಕ್ಕರಿನ ಎರಡು ಸೀಟಿಗಳ ನಡುವೆ ತಾನಾಗಿ ಆಗಿಬಿಡುವಂಥದ್ದು ಎಂದುಕೊಂಡಿದ್ದರು.

ಆ ಅಂಚಿನದೇ ಒಂದು ಕಾಟವಿತ್ತು. ಜೋರಾಗಿ ಹಾಡು ಹಾಕಿದರೆ ಯಾವುದೋ ಒಂದು ಸ್ವರಕ್ಕೆ ಇಡೀ ಅಂಚು ಒಟ್ಟಿಗೆ ನಡುಗಿ ಗುಂಯ್ ಎನ್ನುತ್ತಿತ್ತು. ಸೌಂಡಣ್ಣ ಮ್ಯಾಗ್ನೆಟ್ ಬದಲಿಸಿದ, ಅಂಟು ಬದಲಿಸಿದ, ಮೈದುನನನ್ನು ಬೈದ. ಗುಂಯ್ ಹೋಗಲಿಲ್ಲ. ಅತ್ತಿಗೆ ದರ್ಜಿಯ ಮಗಳು. ಪರದೆಗೆ ಒಂದೇ ಅಳತೆಯ ನಿರಿಗೆ ಹಿಡಿದರೆ ಗಾಳಿ ಬಂದಾಗ ಇಡೀ ಪರದೆ ಒಮ್ಮೆಗೇ ಹಾರುತ್ತದೆ, ಹೆಚ್ಚು ಕಡಿಮೆ ಮಾಡಿ ಹಿಡಿದರೆ ಅಲ್ಲಲ್ಲೇ ಅಲುಗಿ ಸುಮ್ಮನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದು ಅಗಲ, ಎರಡು ಸಣ್ಣ, ಒಂದು ನಡುವಿನದು ಎಂದು ಲೆಕ್ಕ ಹಾಕಿ ಅಂಚು ಮಡಚಿದಳು. ಬಟ್ಟೆ ಸುತ್ತಿ ಬಂದು ಎರಡು ತುದಿ ಸೇರುವಲ್ಲಿ ಕೊನೆಯ ನಿರಿಗೆಯನ್ನು ಮಾತ್ರ ಉಲ್ಟಾ ಮಡಚಿ ಜೋಡಣೆಯನ್ನು ಅದರೊಳಗೆ ಮುಚ್ಚಿದಳು. ಅವಳಪ್ಪ ಫ್ರಾಕಿನ ಸೊಂಟಪಟ್ಟಿಗೆ ಮಾಡುತ್ತಿದ್ದುದೂ ಹಾಗೆಯೇ.

ಗುಂಯ್ ಹೋಯಿತು. ಸೌಂಡಣ್ಣ ಅದೇ ಹಾಡನ್ನು ಹನ್ನೊಂದು ಸಲ ಹಾಕಿ ಕೇಳಿದ. "ಭಲೇ ಕಣೇ!" ಎಂದ. ಅಷ್ಟು ವರ್ಷಗಳಲ್ಲಿ ಅಂಚಿನ ಬಗ್ಗೆ ಅವನಾಡಿದ ಹೊಗಳಿಕೆ ಅದೊಂದೇ. ಅವಳಿಗೆ ಅದು ಸಾಕಾಗಿತ್ತು ಕೂಡ.

ಪೇಟೆಂಟ್ ಅರ್ಜಿ ಬರೆಸಲು ವಕೀಲ ಮನೆಗೇ ಬಂದಿದ್ದ.

"ಇದನ್ನ ಕಂಡುಹಿಡಿದೋರು ಯಾರು?"

"ನಾವೇ ಸಾರ್."

"ನಾವು ಅಂದ್ರೆ ಯಾರ್ಯಾರು? ಎಲ್ಲರ ಹೆಸರೂ ಹಾಕ್ಬೇಕು."

"ನಾವು ಅಂದ್ರೆ ನಾನೇ ಸಾರ್," ಎಂದು ಸೌಂಡಣ್ಣ ನಕ್ಕ.

ಒಳಗೆ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದ ಅತ್ತಿಗೆಗೆ ಅದು ಕೇಳಿಸಿತು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೂ ಅನಿಸಲಿಲ್ಲ. ರೇಷನ್ ಕಾರ್ಡಿನಿಂದ ಬಾಡಿಗೆ ಕರಾರಿನವರೆಗೆ ಈ ಮನೆಯ 'ನಾವು' ಎಲ್ಲ ಕಾಗದದಲ್ಲೂ ಅವನೇ ಆಗಿದ್ದ. ಅವಳು ಚಹಾ ತಂದುಕೊಟ್ಟಳು. ಅರ್ಜಿಯಲ್ಲಿ ಒಬ್ಬನೇ ಸಂಶೋಧಕನ ಹೆಸರು ಹೋಯಿತು.

ಆರು ವರ್ಷ ವರ್ಕ್‌ಶಾಪು ಚೆನ್ನಾಗಿ ನಡೆಯಿತು. ಆಮೇಲೆ ದೊಡ್ಡ ಕಂಪನಿಯೊಂದು ಹೊಸ ಸ್ಪೀಕರ್ ಬಿಟ್ಟಿತು. ಮೈದುನ ಅದನ್ನು ತಂದು ಬಿಚ್ಚಿ ಮೇಜಿನ ಮೇಲೆ ಮಲಗಿಸಿದ. ಅಂಚು ಬಟ್ಟೆಯದಲ್ಲ, ಅಚ್ಚಿನಲ್ಲಿ ಎರೆದ ರಬ್ಬರು.

"ಅತ್ತಿಗೆ, ಬನ್ನಿ ಇಲ್ಲಿ. ನಿಮ್ಮ ತವರಿಂದ ಯಾರೋ ಬಂದಂಗಿದೆ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಒಂದು ಅಗಲ, ಎರಡು ಸಣ್ಣ, ಒಂದು ನಡುವಿನದು. ಬೆರಳಿನಿಂದ ಸುತ್ತ ಸವರುತ್ತ ಹೋದವಳು ಒಂದು ಕಡೆ ನಿಂತಳು. ಅಲ್ಲಿ ಒಂದು ನಿರಿಗೆ ಉಲ್ಟಾ ಇತ್ತು.

"ರಬ್ಬರಿಗೆ ಜೋಡಣೆ ಎಲ್ಲಿದೆ?" ಎಂದಳು. "ಎರೆದದ್ದಕ್ಕೆ ತುದಿಯೇ ಇಲ್ವಲ್ಲ. ಮತ್ತೆ ಇದನ್ನ ಯಾಕೆ ತಿರುಗಿಸಿದ್ದಾರೆ? ನಮ್ಮದನ್ನ ನೋಡಿ ಹಾಗೇ ಇಳಿಸ್ಕೊಂಡಿದ್ದಾರೆ ಅಷ್ಟೆ."

ವಕೀಲ ಇದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ. ಕದ್ದವರು ಅರ್ಥವಾಗದ್ದನ್ನೂ ಕದ್ದಿದ್ದರು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಕಂಪನಿಯ ಮೇಲೆ ಕೇಸು ಹಾಕಿದರು. ಗೆದ್ದರೆ ಕಂಪನಿ ಆ ಸ್ಪೀಕರ್ ನಿಲ್ಲಿಸಬೇಕಾಗುತ್ತಿತ್ತು, ವರ್ಕ್‌ಶಾಪು ಉಳಿಯುತ್ತಿತ್ತು. ಆದರೆ ಕಂಪನಿಯೂ ಎದುರು ಅರ್ಜಿ ಹಾಕಿತು. ಇದು ಸೌಂಡಣ್ಣ ಕಂಡುಹಿಡಿದದ್ದೇ ಅಲ್ಲ, ಪೇಟೆಂಟ್ ರದ್ದು ಮಾಡಿ ಎಂದು. ವಕೀಲ ಅತ್ತಿಗೆಯನ್ನು ಕೂರಿಸಿ ಬಿಡಿಸಿ ಹೇಳಿದ:

"ನೋಡಿಮ್ಮ, ಕಾಗದದಲ್ಲಿ ಇರೋದು ನಿಮ್ಮ ಯಜಮಾನರೊಬ್ಬರೇ. ಮಾಡಿದ್ದು ನೀವು ಅಂತ ಬಾಯಿ ಬಿಟ್ರೆ ಕಾಗದ ಸುಳ್ಳಾಗತ್ತೆ. ಪೇಟೆಂಟೇ ಬಿದ್ದುಹೋಗತ್ತೆ. ಉಲ್ಟಾ ನಿರಿಗೆ ವಿಷಯಾನ ಅವರೇ ಹೇಳ್ಲಿ. ನೀವು ಹೇಳ್ಕೊಡಿ."

ಒಂದು ತಿಂಗಳು ಅವಳು ಗಂಡನಿಗೆ ಪಾಠ ಮಾಡಿದಳು. ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ.

"ಹೆಬ್ಬೆರಳು ಒಳಗಿರ್ಲಿ ಅಂದೆನಲ್ಲ. ಹಿಸುಕ್ಬೇಡಿ, ಅದೇನು ನಿಂಬೆಹಣ್ಣಾ?"

"ಹೆಂಗಸರ ಕೆಲಸ ಕಣೇ ಇದು, ನನ್ನ ಬೆರಳಿಗೆ ಒಗ್ಗಲ್ಲ."

"ಕಾಗದದಲ್ಲಿ ಗಂಡಸರ ಕೆಲಸ ಅಂತಲೇ ಇದೆ. ಹಿಡೀರಿ."

ಯಾಕೆ ಎಂಬುದನ್ನು ಅವನು ಚೆನ್ನಾಗಿ ಬಾಯಿಪಾಠ ಮಾಡಿದ. ಹೇಗೆ ಎಂಬುದು ಮಾತ್ರ ಕೈಗೆ ಹತ್ತಲಿಲ್ಲ.

ವಿಚಾರಣೆಯ ದಿನ ಅವಳು ಹಿಂದಿನ ಬೆಂಚಿನಲ್ಲಿ ಮೈದುನನ ಪಕ್ಕ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಸೌಂಡಣ್ಣ ಗಂಟಲು ಏರಿಸದೆ ಒಳ್ಳೆಯ ಮಾತಿನಲ್ಲಿ ಪರದೆಯ ಕಥೆ ಹೇಳಿದ. ಜೋಡಣೆ ಮುಚ್ಚುವುದನ್ನು, ಇಂಥ ಸಾವಿರಾರು ಅಂಚು ಮಾಡಿರುವುದನ್ನು ಹೇಳಿದ. ನ್ಯಾಯಾಧೀಶರು ತಲೆಯಾಡಿಸಿದರು. ಆಗ ಕಂಪನಿಯ ವಕೀಲ ಚೀಲದಿಂದ ಒಂದು ತುಂಡು ಬಟ್ಟೆ, ಕತ್ತರಿ, ಒಂದು ಕಾಗದದ ಕೋನು ತೆಗೆದು ಅವನ ಮುಂದಿಟ್ಟ.

"ಸಾವಿರಾರು ಮಾಡಿದ್ದೀನಿ ಅಂದ್ರಲ್ಲ. ಒಂದೇ ಒಂದು ಮಾಡಿ ತೋರಿಸಿ."

ಸೌಂಡಣ್ಣ ಮೊದಲ ನಿರಿಗೆ ಹಿಡಿದ. ಎರಡನೆಯದಕ್ಕೆ ಮೊದಲನೆಯದು ಬಿಚ್ಚಿಕೊಂಡಿತು. ಮತ್ತೆ ಹಿಡಿದ. ಕನ್ನಡಕ ಒರೆಸಿದ, ಮತ್ತೆ ಹಿಡಿದ. ಕಂಪನಿಯ ಕಡೆಯವರು ಯಾರೋ ಕೆಮ್ಮಿದಂತೆ ನಕ್ಕರು. ಅವನ ಬೆರಳು ನಡುಗುವುದು ಹಿಂದಿನ ಬೆಂಚಿಗೂ ಕಾಣುತ್ತಿತ್ತು.

ಅತ್ತಿಗೆ ಡಬ್ಬಿಯನ್ನು ಮೈದುನನ ಕೈಗೆ ಕೊಟ್ಟು ಎದ್ದಳು. "ಅತ್ತಿಗೆ, ಕೂತ್ಕೊಳ್ಳಿ, ಬೇಡ," ಎಂದು ಅವನು ಪಿಸುಗುಟ್ಟಿದ. ಅವಳು ನೇರ ಹೋಗಿ ಗಂಡನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಯಾರಾದರೂ ತಡೆಯುವ ಮೊದಲೇ ಐದಾರು ನಿರಿಗೆ ಬಿದ್ದಿತ್ತು. ಆಮೇಲೆ ತಡೆಯುವುದನ್ನೂ ಮರೆತು ನೋಡಿದರು. ಕೊನೆಯದನ್ನು ಉಲ್ಟಾ ಮಡಚಿ ಉಗುರಿನಿಂದ ಒತ್ತಿ ಮೇಜಿನ ಮೇಲಿಟ್ಟಳು.

"ಇದನ್ನು ಮೊದಲು ಮಾಡಿದ್ದು ಯಾರಮ್ಮ?" ನ್ಯಾಯಾಧೀಶರು ಕೇಳಿದರು.

ಸೌಂಡಣ್ಣನ ವಕೀಲ ಕಣ್ಣು ಮುಚ್ಚಿಕೊಂಡ.

"ನಾನು," ಎಂದಳು ಅತ್ತಿಗೆ.

ತೀರ್ಪು ಎರಡು ಪುಟದ್ದು. ಈ ವಿನ್ಯಾಸವನ್ನು ರೂಪಿಸಿದವಳು ಹೆಂಡತಿಯೇ ಎಂಬುದರಲ್ಲಿ ಸಂಶಯವಿಲ್ಲ, ಆದ್ದರಿಂದ ಗಂಡನಿಗೆ ಕೊಟ್ಟ ಪೇಟೆಂಟ್ ರದ್ದಾಗಿದೆ ಎಂದು ಅದರಲ್ಲಿತ್ತು. ಅವಳ ಹೆಸರಲ್ಲಿ ಹೊಸದಾಗಿ ಅರ್ಜಿ ಹಾಕಬಹುದೇ ಎಂದು ಮೈದುನ ಕೇಳಿದ. ಎಲ್ಲರೂ ನೋಡಿಬಿಟ್ಟ ಮೇಲೆ ಅದು ಹೊಸದಲ್ಲ ಎಂದ ವಕೀಲ. ಇನ್ನು ಅದನ್ನು ಯಾರು ಬೇಕಾದರೂ ಮಾಡಬಹುದಿತ್ತು, ಮಾಡಿದರು ಕೂಡ. ವರ್ಷ ತುಂಬುವುದರೊಳಗೆ ರಬ್ಬರಿನ ಅಂಚು ಎಲ್ಲ ಅಂಗಡಿಗೂ ಬಂತು. ಕೆಲಸಗಾರರಿಬ್ಬರೂ ಹೋದರು. ಮೈದುನ ಬೇರೆ ಕಡೆ ಮೋಟಾರ್ ಸುತ್ತುವ ಕೆಲಸ ಹಿಡಿದ. ಓಣಿಯ ಹೆಂಗಸರಲ್ಲಿ ಕೆಲವರು ಅವಳನ್ನು ಮೆಚ್ಚಿ ಮಾತಾಡಿದರು, ಕೆಲವರು ಗಂಡನ ಮಾನ ಕಳೆದಳು ಎಂದರು. ಸೌಂಡಣ್ಣನ ಗಂಟಲು ಮಾತ್ರ ಅಡಗಿಹೋಯಿತು. ಉಪ್ಪು ಬೇಕಾದರೂ ಕೈ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಊಟದ ನಡುವೆ ಅವನು ಬಾಯಿ ತೆಗೆದ.

"ಅವತ್ತು ನೀನು ಏಳಬಾರದಿತ್ತು."

"ನಿಮ್ಮ ಕೈ ನಡುಗ್ತಾ ಇತ್ತು ರೀ. ಅವರು ನಗ್ತಾ ಇದ್ರು. ನೋಡಕ್ಕಾಗ್ಲಿಲ್ಲ, ಎದ್ದೆ."

"ಅಷ್ಟೇನಾ?"

ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಹೌದು ಎಂದುಬಿಟ್ಟಿದ್ದರೆ ಊಟ ಮುಗಿಯುತ್ತಿತ್ತು.

"ಎದ್ದದ್ದು ನಿಮಗೋಸ್ಕರ," ಎಂದಳು. "ಯಾರು ಮಾಡಿದ್ದು ಅಂದಾಗ ನಾನು ಅಂದೆನಲ್ಲ, ಅದು ನನಗೋಸ್ಕರ."

ಅವನು ಎಂಜಲು ಕೈಯಲ್ಲೇ ಎದ್ದು ಮುಂದಿನ ಕೋಣೆಗೆ ಹೋದ. ತಟ್ಟೆ ಅಲ್ಲೇ ಉಳಿಯಿತು. ಸಂಜೆಯವರೆಗೂ ಅವಳು ಅದನ್ನು ಎತ್ತಲಿಲ್ಲ.