ಅಟ್ಟದ ಪೆಟ್ಟಿಗೆಗಳಿಗೆ ಮಿತಭಾಷೆ ಕಲಿಸಿದ್ದು

ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡಲು ಹೊರಟ ಸೊಸೆಯ ಬಗ್ಗೆ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಏನೇನು ಅಂದುಕೊಳ್ಳುತ್ತಾರೋ, ಅದನ್ನೆಲ್ಲ ನನ್ನ ಬಗ್ಗೆಯೂ ಅಂದುಕೊಂಡರು. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ವಿಷಯ, ವೈರಿಲ್ಲದ ಸೆನ್ಸರ್‌ಗಳ ಬ್ಯಾಟರಿ ಉಳಿಸುವುದು. ಈ ಪುಟ್ಟ ಪೆಟ್ಟಿಗೆಗಳು ತೇವ ಅಳೆಯುವುದಕ್ಕಾಗಲೀ ಒಳಗೊಳಗೇ ಲೆಕ್ಕ ಹಾಕುವುದಕ್ಕಾಗಲೀ ಹೆಚ್ಚು ಕರೆಂಟು ತಿನ್ನುವುದಿಲ್ಲ. ಅಳೆದದ್ದನ್ನು ಗಾಳಿಯಲ್ಲಿ ಕಳಿಸುವಾಗಲೇ ತಿನ್ನುವುದು. ಹಾಗಾಗಿ ಅವಕ್ಕೆ ಹೆಚ್ಚು ಯೋಚಿಸಿ ಕಮ್ಮಿ ಮಾತಾಡುವುದನ್ನು ಕಲಿಸಬೇಕು. ಅದನ್ನು ಕಲಿಸಲು ನೀನೇ ಸಿಕ್ಕಿದೆಯಾ ಎಂದು ನನ್ನ ಗಂಡ ಕೇಳಿದ.

ಪ್ರಯೋಗಕ್ಕೆ ಜಾಗ ಮನೆಯಲ್ಲೇ ಇತ್ತು, ಕೊಟ್ಟಿಗೆಯ ಮೇಲಿನ ಅಟ್ಟ. ನಮ್ಮ ಕಡೆ ತೆಂಗಿನಕಾಯಿ ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಯಿತೋ ಇಲ್ಲವೋ ತಿಳಿಯುವುದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆಯ ಸದ್ದು ಕೇಳಿ. ಆ ಅಧಿಕಾರ ನಮ್ಮತ್ತೆಯದು. ಹದಿನೈದು ದಿನಕ್ಕೊಮ್ಮೆ ಏಣಿ ಹತ್ತಿ, ಅಲ್ಲೊಂದು ಇಲ್ಲೊಂದು ಕಾಯಿ ಅಲ್ಲಾಡಿಸಿ, ಇಳಿದು ಬಂದು ತೀರ್ಪು ಕೊಡುತ್ತಿದ್ದರು. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಆ ವರ್ಷದ ಬೆಳೆಯೆಲ್ಲ ಮೇಲಿದ್ದಾಗ ನಾನು ಕಾಯಿಗಳ ಮಧ್ಯೆ ಆರು ಪೆಟ್ಟಿಗೆ ಇಟ್ಟೆ. ನಿನ್ನೆಯ ತೇವಕ್ಕೂ ಇವತ್ತಿನ ತೇವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿದ್ದರೆ ಮಾತ್ರ ಬಾಯಿ ಬಿಡಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಎಂದು ನಿಯಮ ಮಾಡಿದೆ.

"ಅತ್ತೆ, ಇನ್ನು ನೀವು ಏಣಿ ಹತ್ತಬೇಡಿ. ತೇವ ಜಾಸ್ತಿಯಾದ್ರೆ ನನ್ನ ಫೋನಿಗೆ ಸುದ್ದಿ ಬರ್ತದೆ," ಅಂದೆ.

ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೇಳಿದ್ದೆ. ಅವರು, "ಆಗ್ಲಿ ಬುಡಮ್ಮ, ಅವೇ ನೋಡ್ಕಳ್ಳಿ," ಅಂದುಬಿಟ್ಟರು. ವಿಜ್ಞಾನ ಗೆದ್ದಿತೆಂದು ಬೀಗಿದೆ.

ಮಳೆ ಹಿಡಿಯಿತು. ಪೆಟ್ಟಿಗೆಗಳು ಪಿಟ್ಟೆನ್ನಲಿಲ್ಲ. ವಾರಗಟ್ಟಲೆ ಕಳೆದರೂ ಬ್ಯಾಟರಿ ಹಾಕಿದ ಹಾಗೇ ಇತ್ತು. ನನ್ನ ಗೈಡು ಗ್ರಾಫ್ ನೋಡಿ ಅಪರೂಪಕ್ಕೆ ಕಾಫಿ ತರಿಸಿದರು.

ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದವಳಿಗೆ ಮುಗ್ಗಲು ವಾಸನೆ ಹೊಡೆಯಿತು. ಏಣಿ ಹತ್ತಿದೆ. ಗೋಡೆ ಬದಿಯಲ್ಲಿ ಹೆಂಚೊಂದು ಸರಿದು, ಅದರ ಕೆಳಗಿನ ಕಾಯಿಗಳೆಲ್ಲ ಬೂಸಲು ಹಿಡಿದು ಕೊಳೆತಿದ್ದವು. ಹತ್ತಿರ ಹತ್ತಿರ ಕಾಲು ಭಾಗ ಹೋಗಿತ್ತು. ನಡುವೆ ನನ್ನ ಪೆಟ್ಟಿಗೆಗಳು ಹಸಿರು ದೀಪ ಮಿಣುಕಿಸುತ್ತ ಸುಖವಾಗಿದ್ದವು.

ಅವು ಕೆಟ್ಟಿರಲಿಲ್ಲ. ಅಳೆದದ್ದನ್ನೆಲ್ಲ ಒಳಗೆ ಬರೆದಿಟ್ಟುಕೊಂಡಿದ್ದವು. ತೇವ ದಿನಕ್ಕೆ ಒಂದಿಷ್ಟೇ ಏರಿತ್ತು. ನಿನ್ನೆಗೆ ಹೋಲಿಸಿದರೆ ಯಾವತ್ತೂ ಹೇಳಿಕೊಳ್ಳುವಂಥದ್ದಲ್ಲ. ಮೊದಲ ದಿನಕ್ಕೆ ಹೋಲಿಸಿ ನೋಡು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಷ್ಟನ್ನು ತಪ್ಪಿಲ್ಲದೆ ಮಾಡಿದ್ದವು, ನನ್ನ ವಿದ್ಯಾರ್ಥಿಗಳಿಗಿಂತ ಎಷ್ಟೋ ವಾಸಿ.

ಅತ್ತೆಯ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಅಳುವೇ ಬಂದಿತ್ತು. ಅವರು ಬೈಯಲಿಲ್ಲ.

"ನಂದೂ ತಪ್ಪೈತೆ ಕಣಮ್ಮ. ಎಲ್ಡು ವರ್ಷ ಆಯ್ತು, ಕಾಯಿ ಸದ್ದು ನಂಗೆ ಕೇಳಾಕಿಲ್ಲ."

ನನಗೆ ಅರ್ಥವಾಗಲಿಲ್ಲ. "ಮತ್ತೆ ಇಷ್ಟು ದಿನ?"

"ತೂಕ ನೋಡಿ ಅಂದಾಜಿನ ಮ್ಯಾಲೆ ಹೇಳ್ತಿದ್ದೆ. ಕಿವಿ ಒಂದೇ ಸಲ ಹೋಗಿದ್ರೆ ಹೇಳ್ತಿದ್ನೇನೋ. ನೆನ್ನೆ ಹೆಂಗಿತ್ತೋ ಇವತ್ತೂ ಹಂಗೇ ಅಂದ್ಕಂಡು ಸುಮ್ಕಿದ್ದೆ. ನೀನು ಪೆಟ್ಟಿಗೆ ತಂದೆ, ಸದ್ಯ ಬದುಕ್ದೆ ಅನ್ನುಸ್ತು."

ದಿನಾ ಪಕ್ಕದಲ್ಲಿ ಕೂತು ಉಣ್ಣುವವಳು ನಾನು. ಕ್ಲಾಸಿನಲ್ಲಿ ಅರಚಿ ಅರಚಿ ಮನೆಯಲ್ಲೂ ಗಟ್ಟಿಯಾಗೇ ಮಾತಾಡುವುದರಿಂದ ಅವರು ಉತ್ತರ ಕೊಡುತ್ತಿದ್ದರು, ಕೊಡುವುದರಿಂದ ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ನಾಚಿಕೆಯಾಯಿತು. ಕೊಳೆತ ಕಾಯಿಗಿಂತ ಅದೇ ಹೆಚ್ಚು ಚುಚ್ಚಿತು.

ಅಟ್ಟದ ಒಣ ಬದಿಯಿಂದ ನಾನು ತಂದಿದ್ದ ಒಂದು ಕಾಯಿಯನ್ನು ಅತ್ತೆ ನನ್ನ ಕೈಗೆ ಕೊಟ್ಟರು. "ಏನಂತದೆ, ನೀನೇ ಕೇಳಿ ಹೇಳು."

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಉಂಡೆ ಲೊಡಲೊಡ ಅಂದಿತು.

"ಆಗಿದೆ ಅತ್ತೆ," ಅಂದೆ, ಮೆತ್ತಗೆ.

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದರೋ, ನನಗೆ ಗೊತ್ತಿಲ್ಲ.