ಮಾವನವರ ದಿಂಬಿನ ಕೆಳಗಿನ ರಿವಾಲ್ವರ್

ಎಪ್ಪತ್ತರ ದಶಕದಲ್ಲಿ ಬಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಗಡಿಯಾರ ರಿಪೇರಿಯ ಅಂಗಡಿ ಇತ್ತು. ಹೊಟ್ಟೆಪಾಡು ಗಡಿಯಾರದ್ದು, ಹುಚ್ಚು ಮಾತ್ರ ರಿವಾಲ್ವರಿನದು. ಅದೂ ದೊಡ್ಡವಲ್ಲ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಂಥ ಸಣ್ಣವು. ನೂರು ವರ್ಷದ ಹಿಂದೆ ವಿಲಾಯತಿಯಿಂದಲೋ ಬೆಲ್ಜಿಯಮ್ಮಿನಿಂದಲೋ ಬಂದು ನಮ್ಮ ಕಡೆಯ ಗೌಡರ, ದೇಸಾಯರ ಮನೆ ಸೇರಿದ್ದವು. ಆಗ ಒಬ್ಬನ ಬಳಿ ಇಷ್ಟೇ ಆಯುಧ ಇರಬೇಕೆಂಬ ಮಿತಿ ಇರಲಿಲ್ಲ. ಲೈಸೆನ್ಸಿನ ಪುಸ್ತಕದಲ್ಲಿ ಪ್ರತಿಯೊಂದರ ನಮೂದು ಇದ್ದರಾಯಿತು.

ಈ ಹುಚ್ಚು ಹಿಡಿಸಿದವರು ಬಸವನ ಬಾಗೇವಾಡಿಯ ಒಬ್ಬ ಉಸ್ತಾದರು. ಬಂದೂಕು ದುರಸ್ತಿಗೂ ಕಾಡತೂಸು ತುಂಬುವುದಕ್ಕೂ ಅವರ ಮನೆತನಕ್ಕೆ ಅಜ್ಜನ ಕಾಲದಿಂದ ಪರವಾನಗಿ ಇತ್ತು. ವಯಸ್ಸಾಗಿ ಕಣ್ಣು ಮಂಜಾಗಿದ್ದರಿಂದ ಸಣ್ಣ ಸ್ಪ್ರಿಂಗನ್ನು ಅರದಿಂದ ಉಜ್ಜುವುದು ಅವರ ಕೈಯಿಂದ ಆಗುತ್ತಿರಲಿಲ್ಲ. ಯಾರೋ ನನ್ನ ಹೆಸರು ಹೇಳಿದ್ದರಂತೆ. ಒಂದು ದಿನ ತುಂಡಾದ ಸ್ಪ್ರಿಂಗನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದರು. ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗನ್ನೇ ಕತ್ತರಿಸಿ, ಉಜ್ಜಿ, ಹದ ಮಾಡಿ ಕೊಟ್ಟೆ. ಅದನ್ನು ಕಿವಿಯ ಹತ್ತಿರ ಹಿಡಿದು ಬಾಗಿಸಿ ನೋಡಿ, "ಕೈ ಛಲೋ ಐತ್ರಿ ನಿಮ್ದು. ಬಾಗೇವಾಡಿಗೆ ಬರ್ರಿ ಒಮ್ಮೆ" ಅಂದರು. ಅಲ್ಲಿಂದ ತಿಂಗಳಿಗೆರಡು ಸಲ ಬಿಜಾಪುರದಲ್ಲಿ ಬಸ್ಸು ಬದಲಿಸಿ ಅವರ ಅಂಗಡಿಗೆ ಹೋಗುವುದು ರೂಢಿಯಾಯಿತು.

ನಾನು ಮೊದಲು ಕೊಂಡದ್ದು ದೇವಣಗಾಂವದ ಗೌಡರೊಬ್ಬರ ರಿವಾಲ್ವರು. ಅದರ ಕಾಡತೂಸು ಮಾಡುವುದನ್ನು ಜಗತ್ತು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಉಸ್ತಾದರು ಬೇರೆ ಯಾವುದೋ ಹಿತ್ತಾಳೆಯ ಕೊಳವೆ ಹುಡುಕಿ, ಅಳತೆಗೆ ಕತ್ತರಿಸಿ, ಸೀಸ ಕರಗಿಸಿ ಅಚ್ಚಿಗೆ ಹಾಕಿ, ಹಳೆಯ ಕರೀ ಮದ್ದು ತುಂಬಿ ಒಂದೊಂದನ್ನೇ ತಯಾರಿಸುತ್ತಿದ್ದರು. ಐದು ಕಾಡತೂಸಿಗೆ ಅರ್ಧ ದಿನ ಹಿಡಿಯುತ್ತಿತ್ತು. ಆ ಅರ್ಧ ದಿನ ಅಂಗಡಿಯಲ್ಲಿ ಯಾರೂ ಬೀಡಿ ಸೇದುವಂತಿರಲಿಲ್ಲ, ಯಾರೂ ಮಾತಾಡುವಂತೆಯೂ ಇರಲಿಲ್ಲ.

ಎರಡು ವರ್ಷ ನೋಡಿದ ಮೇಲೆ ನನಗೂ ಬರುತ್ತದೆ ಅನ್ನಿಸಿತು. ಉಸ್ತಾದರಿಗೆ ಹೇಳದೆ, ಹೊಗೆ ಬಾರದ ಹೊಸ ಕಾಲದ ಮದ್ದು ಹಾಕಿ ಹೊಲದಲ್ಲಿ ಹಾರಿಸಿದೆ. ಹಳೆಯ ಕಬ್ಬಿಣ ಅದನ್ನು ತಡೆಯಲಿಲ್ಲ. ಗುಂಡು ತುಂಬುವ ಚಕ್ರ ಸೀಳಿ ಹೆಬ್ಬೆರಳಿನ ಬುಡಕ್ಕೆ ಬಡಿಯಿತು. ಆರು ವಾರ ಗಡಿಯಾರ ಮುಟ್ಟಲಾಗಲಿಲ್ಲ. ಉಸ್ತಾದರು ಬೈಯಲಿಲ್ಲ. "ಮುದುಕಗ ಓಡಂದ್ರ ಹೆಂಗ್ ಓಡ್ತಾನ್ರಿ?" ಅಂದರು, ಅಷ್ಟೇ. ಅಂದಿನಿಂದ ಮದ್ದಿನ ಕೆಲಸ ಅವರಿಗೆ, ಸ್ಪ್ರಿಂಗಿನ ಕೆಲಸ ನನಗೆ ಎಂದು ಬಿಟ್ಟುಬಿಟ್ಟೆ.

ಇದಾಗಿ ಒಂದೆರಡು ವರ್ಷಕ್ಕೆ ಮುದ್ದೇಬಿಹಾಳದ ಕಡೆಯ ಒಂದು ವಾಡೆಯಿಂದ ಉಸ್ತಾದರ ಅಂಗಡಿಗೆ ಒಂದು ರಿವಾಲ್ವರ್ ಬಂತು. ಲೈಸೆನ್ಸು ಇದ್ದ ಹಿರಿಯರು ತೀರಿಕೊಂಡಿದ್ದರು. ಅವರ ಮಗ ಅವರಿಗಿಂತ ಮೊದಲೇ ಹೋಗಿದ್ದ. ಉಳಿದದ್ದು ಸೊಸೆ, ಐವತ್ತರ ಆಸುಪಾಸಿನ ಹೆಣ್ಣುಮಗಳು. ತನಗೆ ಅದು ಬೇಡವೆಂದು ಉಸ್ತಾದರಲ್ಲಿ ಠೇವಣಿ ಇಟ್ಟಿದ್ದರು. ಆನೆದಂತದ ಹಿಡಿ, ಬೆರಳಿನಿಂದ ಎಳೆಯುವ ಕುದುರೆ ಮಡಚಿಕೊಳ್ಳುವಂಥದ್ದು, ಐದು ಗುಂಡು ಹಿಡಿಯುವ ಚಕ್ರ. ನೋಡಿದ ಕೂಡಲೇ ನನಗೆ ಬೇಕು ಅನ್ನಿಸಿತು. ಉಸ್ತಾದರು ಹೇಳಿ ಕಳಿಸಿದಾಗ ಆಕೆ ತಮ್ಮನ ಜೊತೆ ಬಸ್ಸಿನಲ್ಲಿ ಬಂದರು. ಬೆಲೆಯ ಮಾತೇ ಎತ್ತಲಿಲ್ಲ.

"ಕೊಡ್ತೇನ್ರಿ. ಆದ್ರ ಒಮ್ಮಿ ಅದರ ಸಪ್ಪಳ ಕೇಳಬೇಕು ನಾನು."

ಉಸ್ತಾದರು ಯಾಕೆಂದು ಕೇಳಿದರು. ಆಕೆ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು. ಹದಿನೈದನೆಯ ವರ್ಷಕ್ಕೆ ಸೊಸೆಯಾಗಿ ಬಂದಾಗಿನಿಂದ ಅದು ಮಾವನ ದಿಂಬಿನ ಕೆಳಗಿತ್ತು. ದಿನಾ ಮುಂಜಾನೆ ಹಾಸಿಗೆ ಸುತ್ತುವಾಗ ಆಕೆ ಅದನ್ನು ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕಿಡಬೇಕು. ಮಾವನಿಗೆ ಸಿಟ್ಟು ಬಂದರೆ ಊಟದ ತಾಟಿನ ಪಕ್ಕ ಅದು ಬಂದು ಕೂಡುತ್ತಿತ್ತು. ಆ ದಿನ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ, ಗಂಡನೂ. ಏಳನೆಯ ಇಯತ್ತೆ ಮುಗಿಸಿದ್ದ ಆಕೆ ಸಾಲಿಯ ಮಾಸ್ತರಿಣಿ ಆಗಬೇಕೆಂದು ಟ್ರೇನಿಂಗಿನ ಅರ್ಜಿ ತರಿಸಿದ್ದರು. ಮಾವ ಅರ್ಜಿಯ ಮೇಲೆ ರಿವಾಲ್ವರ್ ಇಟ್ಟು ಎದ್ದು ಹೋದರು. ಅರ್ಜಿ ತುಂಬುವ ದಿನ ಹಾಗೇ ದಾಟಿತು.

"ಮೂವತ್ತೈದು ವರ್ಷ ಅದಕ್ಕ ಅಂಜಿ ಬಾಳೇವು ಮಾಡೇನಿ. ಹೆಂಗ್ ಒದರತೈತಿ ಅಂತ ಗೊತ್ತಾಗಬೇಕಲ್ರಿ?"

ಉಸ್ತಾದರು ಹೂಂ ಅಂದರು. ಆಕೆ ಹೋದ ಮೇಲೆ ನಾನು ಅದನ್ನು ಬಿಚ್ಚಿದೆ. ಒಳಗೆ ನೋಡಿದೆ. ಕಾಡತೂಸಿಗೆ ಬಡಿಯುವ ಮೊನೆ ಮುರಿದು ಹೋಗಿತ್ತು. ಮುರಿದ ಜಾಗದಲ್ಲಿ ಹಳೆಯ ತುಕ್ಕು ಕಪ್ಪಗೆ ಗಟ್ಟಿಯಾಗಿತ್ತು. ಒಳಗಿನ ಎಣ್ಣೆ ಮೇಣದಂತೆ ಹೆಪ್ಪುಗಟ್ಟಿತ್ತು. ಆ ತುಕ್ಕು ನೋಡಿದರೆ ಅದು ಸುಮಾರು ಐವತ್ತು ವರ್ಷದಿಂದ ಒಂದು ಗುಂಡನ್ನೂ ಹಾರಿಸಿರಲಿಲ್ಲ, ಹಾರಿಸಲು ಸಾಧ್ಯವೂ ಇರಲಿಲ್ಲ.

ಉಸ್ತಾದರು ಬೆರಳಿನಿಂದ ತಡವಿ ನೋಡಿ ಕೆಳಗಿಟ್ಟರು. ಆಮೇಲೆ, "ಆ ಅವ್ವಗ ಇದನ್ನ ಹೇಳಬ್ಯಾಡ್ರಿ" ಅಂದರು.

"ಅವರದ ಬಾಳೇವು ಅದು. ಅವರಿಗೆ ಗೊತ್ತಿರಬೇಕಲ್ರಿ" ಅಂದೆ.

"ಇಷ್ಟ ದಿವಸ ಅಂಜಿಕಿ ಇತ್ತು. ಅದನ್ನ ಕಳದು ಸಿಟ್ಟು ಕೊಡ್ತೀರೇನು? ಅಂಜಿಕಿಗಿಂತ ಸಿಟ್ಟು ಕೆಟ್ಟದ್ರಿ."

ನಾವಿಬ್ಬರೂ ಒಂದು ತೀರ್ಮಾನಕ್ಕೆ ಬರಲಿಲ್ಲ. ನಾನು ಹೊಸ ಮೊನೆ ಉಜ್ಜಿ ಕೂಡಿಸಿದೆ. ಅವರು ತಕ್ಕ ಕೊಳವೆ ಹುಡುಕುವಷ್ಟರಲ್ಲಿ ಮಳೆಗಾಲ ಕಳೆಯಿತು. ಕೊನೆಗೆ ಐದು ಕಾಡತೂಸು ತಯಾರಾದವು.

ಬಾಗೇವಾಡಿಯ ಹೊರಗೆ ಉಸ್ತಾದರು ಬಂದೂಕು ಪರೀಕ್ಷೆ ಮಾಡುವ ಒಂದು ಹಳೆಯ ಕಲ್ಲಿನ ಖಣಿ ಇತ್ತು. ಮುಂಜಾನೆ ಹತ್ತರ ಹೊತ್ತಿಗೆ ಆಕೆ, ಅವರ ತಮ್ಮ, ನಾವಿಬ್ಬರು ಅಲ್ಲಿಗೆ ಹೋದೆವು. ಮೊದಲ ಗುಂಡನ್ನು ಕೈಯಲ್ಲಿ ಹಿಡಿದು ಹಾರಿಸುವುದಿಲ್ಲ. ರಿವಾಲ್ವರನ್ನು ಟೈರಿಗೆ ಬಿಗಿದು, ಬಂಡೆಯ ಮರೆಯಿಂದ ಕುದುರೆಗೆ ಕಟ್ಟಿದ ಹುರಿ ಎಳೆಯುತ್ತೇವೆ. ಆಕೆ ಹುರಿಗೆ ಕೈ ಚಾಚಿದರು. "ನಾನ ಎಳೀತೇನಿ."

ಎಳೆದರು. ಟಪ್ ಎಂದಿತು. ಬಿಳಿ ಹೊಗೆ ಸ್ವಲ್ಪ ಹೊತ್ತು ನಿಂತು ಚದುರಿತು. ಆಕೆ ನಮ್ಮಿಬ್ಬರ ಮುಖ ನೋಡಿದರು.

"ಇಷ್ಟನ?"

"ಇಷ್ಟ ಅವ್ವಾ" ಅಂದರು ಉಸ್ತಾದರು.

"ದೀಪಾವಳಿ ಪಟಾಕಿ ಇದಕ್ಕಿಂತ ಜೋರ ಒದರತಾವ!" ಆಕೆ ಸೆರಗು ಬಾಯಿಗಿಟ್ಟು ನಕ್ಕರು. ತಮ್ಮನೂ ನಕ್ಕ. ನನಗೆ ನಗು ಬರಲಿಲ್ಲ. ಆ ನಗು ನಿಂತ ಮೇಲೆ ಮುರಿದ ಮೊನೆಯ ವಿಷಯ ಹೇಳಿಬಿಟ್ಟೆ. ಉಸ್ತಾದರು ಬೇರೆ ಕಡೆ ತಿರುಗಿದರು.

ಆಕೆ ಕಲ್ಲಿನ ಮೇಲೆ ಕೂತರು. "ನಮ್ಮ ಮಾವಗ ಇದು ಗೊತ್ತಿತ್ತೇನ್ರಿ?"

"ನನಗ ಹೆಂಗ ತಿಳೀತೈತ್ರಿ" ಅಂದೆ.

ಉತ್ತರ ತಾವೇ ಹೇಳಿದರು: "ಗೊತ್ತಿತ್ತು. ದಸರಾಕ್ಕ ಊರಾಗ ಎಲ್ಲಾರೂ ಬಂದೂಕ ಪೂಜಿ ಮಾಡಿ ಗಾಳ್ಯಾಗ ಒಂದ್ ಹೊಡೀತಿದ್ರು. ನಮ್ಮಾವ ಕುಂಕುಮ ಹಚ್ಚಿ ಒಳಗ ಇಡತಿದ್ರು. ಗುಂಡು ಸುಮ್ನ ಯಾಕ ಹಾಳ ಮಾಡೂದು ಅಂತಿದ್ರು."

ಆಮೇಲೆ ಎದ್ದು ನಿಂತು, "ಉಳದಾವೇನ್ರಿ ಇನ್ನ?" ಎಂದು ಕೇಳಿದರು. ನಾಲ್ಕು ಉಳಿದಿದ್ದವು. ಉಸ್ತಾದರು ಎರಡು ಹೆಜ್ಜೆ ದೂರ ನಿಂತು, "ಎರಡೂ ಕೈಲೆ ಹಿಡೀರಿ. ಉಸಿರು ಬಿಡ್ರಿ. ಹಂಗ ಅವ್ವಾ, ಹಂಗ" ಎಂದು ಹೇಳಿಕೊಟ್ಟರು. ನಾಲ್ಕನ್ನೂ ಆಕೆಯೇ ಖಣಿಯ ಮಣ್ಣಿನ ದಿಬ್ಬಕ್ಕೆ ಹೊಡೆದರು. ರಿವಾಲ್ವರ್ ನನಗೆ ಕೊಡುವ ಕಾಗದಕ್ಕೆ ಸಹಿ ಹಾಕಿ ಮಧ್ಯಾಹ್ನದ ಬಸ್ಸು ಹಿಡಿದು ಹೊರಟುಹೋದರು.

ಉಸ್ತಾದರು ನನ್ನ ಜೊತೆ ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಅವರ ಮಾತೇ ನಿಜವೇನೋ ಎಂದು ನನಗೂ ಅನ್ನಿಸತೊಡಗಿತ್ತು. ಲೈಸೆನ್ಸಿನ ವರ್ಗಾವಣೆಗೆ ಇನ್ನೊಂದು ಸಹಿ ಬೇಕಾಗಿ ಮರುವರ್ಷ ನಾನೇ ಮುದ್ದೇಬಿಹಾಳಕ್ಕೆ ಹೋದೆ. ಆಕೆ ಮಾವನ ಕೋಣೆಯ ಕಿಟಕಿಗಳನ್ನು ದೊಡ್ಡದು ಮಾಡಿಸಿ ಅಲ್ಲಿಯೇ ಮಲಗುತ್ತಿದ್ದರು. ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಊಟದ ನಡುವೆ ನಾನೇ ಕೇಳಿದೆ, ಅಂದು ಹೇಳಿದ್ದು ತಪ್ಪಾಯಿತೇನೆಂದು.

"ಎರಡು ತಿಂಗಳ ಭಾಳ ಸಿಟ್ಟ ಇತ್ರಿ. ಮಾವನ ಮ್ಯಾಲೆ, ಗಂಡನ ಮ್ಯಾಲೆ, ನಿಮ್ಮ ಮ್ಯಾಲೂ. ಆಮ್ಯಾಲ ವಿಚಾರ ಮಾಡಿದ್ನಿ. ಆ ಮುದುಕನೂ ಯಾರಿಗರ ಗೊತ್ತಾದೀತು ಅಂತ ದಿನಾ ಅಂಜಕೋತ ಮಲಗ್ಯಾನ. ಈಗ ಸಿಟ್ಟ ಇಲ್ಲ. ಇನ್ನೊಂದ ರೊಟ್ಟಿ ಹಾಕ್ಕೋರಿ."

ಮರಳುವಾಗ ಬಾಗೇವಾಡಿಯಲ್ಲಿ ಇಳಿದು ಉಸ್ತಾದರಿಗೆ ಆ ಮಾತು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಹಂಗಾರ ನಂದ ತಪ್ಪು ಬಿಡ್ರಿ" ಎಂದು ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದರು.