ಹೂರಣಕ್ಕೆ ಬಿದ್ದ ಇಡೀ ಜಾಯಿಕಾಯಿ

ಗೆಳತಿಯರೇ, ಇವತ್ತು ಭಾಲ್ಕಿಯ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದಾಗ ನಮ್ಮ ಮನೆಯಲ್ಲಿ ಒಬ್ಬರಿಗೂ ಎಚ್ಚರವಿರಲಿಲ್ಲ. ತಪ್ಪು ನನ್ನದೇ.

ಬರ ಬಿದ್ದ ಮೇಲೆ ಪುಣೆಗೆ ದುಡಿಯಲು ಹೋಗಿದ್ದ ಮೈದುನ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಹೋಳಿಗೆ ಮಾಡಿದೆ. ಏಲಕ್ಕಿ ಮುಗಿದಿತ್ತು. ಚಿಟಿಕೆ ಸಾಕಾಗುವ ಕಡೆ ಇಡೀ ಜಾಯಿಕಾಯಿ ಪುಡಿ ಮಾಡಿ ಹೂರಣಕ್ಕೆ ಸುರಿದೆ. ಘಮಕ್ಕೆ ಮರುಳಾಗಿ ಎಲ್ಲರೂ ನಾಲ್ಕು ನಾಲ್ಕು ತಿಂದು ಅಲ್ಲಲ್ಲೇ ಉರುಳಿಕೊಂಡೆವು.

ಸಂಜೆ ಎದ್ದು ಹೊರಗೆ ಓಡಿದರೆ ನಮ್ಮ ಕೊಡಗಳೆಲ್ಲ ತುಂಬಿ ಸಾಲಾಗಿ ನಿಂತಿದ್ದವು. ಕಾವಲಿಗೆ ನೆರೆಮನೆಯ ಕಾಶೀಬಾಯಿ. ಸಕ್ಕರೆ ಕಾಯಿಲೆ ಅಂತ ಅವರಿಗೆ ನಾನು ಹೋಳಿಗೆ ಕೊಟ್ಟಿರಲಿಲ್ಲ.

"ಮನಿಯವರು ಇಲ್ದೇ ನೀರು ಕೊಡಂಗಿಲ್ಲ ಅಂದ ಟ್ಯಾಂಕರಿನವ. ಒಳಗ ಅದಾರಪ್ಪ, ಗೊರಕಿ ಕೇಳಸ್ಲತ್ತಿಲ್ಲೇನು ಅಂತ ಜಗಳ ಮಾಡ್ದೆ. ಏನ್ ತಿಂದೀರಿ ಎಲ್ಲಾರೂ?"

ಹೇಳಿದೆ. ಹಣೆ ಬಡಿದುಕೊಂಡರು.

"ಅಯ್ಯ ನಮ್ಮವ್ವ! ಕೂಸಿಗಿ ನಿದ್ದಿ ಬರ್ಲಿ ಅಂತ ಸಾಣಿಕಲ್ಲಿನ ಮ್ಯಾಲ ಎರಡೇ ಸುತ್ತು ತೇಯ್ತೀವಿ. ನೀ ಇಡೀ ಕಾಯಿನೇ ಹಾಕ್ದಿ?"

ಕಾಶೀಬಾಯಿಗೆ ಕೈ ಮುಗಿದೆ. ಟ್ಯಾಂಕರ್ ಕಾಯುತ್ತಲೇ ಬೇಸಿಗೆ ಕಳೆದ ನಮ್ಮ ಮನೆಗೆ ನಿದ್ದೆಯೂ ನೀರೂ ಒಂದೇ ದಿನ ಸಿಕ್ಕಿದ್ದು ಇವತ್ತೇ.